ನೀರಿಗೆ ತೂಕವಿಲ್ಲ

ವಿಜಾಪುರ
೧೪ ಜುಲೈ ೧೯೪೬

ಚಿರಂಜೀವಿ ಶಿವಶರಣಪ್ಪನಿಗೆ ಕಾಕಾನ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಎದ್ದು ತಿರುಗಾಡುತ್ತೇವೆ, ಹೊತ್ತಿಗೆ ಸರಿಯಾಗಿ ಹಸಿವೂ ಆಗುತ್ತದೆ. ಕ್ಷೇಮದ ವಿಷಯ ಇಷ್ಟು ಸಾಕು. ನಿನ್ನ ಅವ್ವ ಎರಡು ಮಾತು ಬರೆಸಿದ್ದಾರೆ: ಮುಂಬಯಿಯ ಮಳೆಯಲ್ಲಿ ತಲೆ ನೆನೆಸಿಕೊಂಡು ತಿರುಗಬೇಡ, ಹೋಟೆಲಿನಲ್ಲಿ ಕರಿದದ್ದು ತಿನ್ನಬೇಡ.

ನಿನ್ನ ಉದ್ದನೆಯ ಪತ್ರ ಮುಟ್ಟಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು. ನಾನು ಕೇಳಿದ್ದು ಸಣ್ಣ ಮಾತು. ಮುರ್ತುಜಾಸಾಬರು ಸ್ಟೇಶನ್ ಹತ್ತಿರ ಈಗ ನಮ್ಮ ಗಿರಣಿ ನಿಂತಿರುವ ತಮ್ಮ ಜಾಗ ಬಿಟ್ಟುಕೊಡಿರೆಂದು ಹೇಳಿದ್ದಾರೆ. ಬರುವ ಸುಗ್ಗಿಗೆ ನಮ್ಮ ಹತ್ತಿ ಗಿರಣಿಯನ್ನು ಎಲ್ಲಿಡೋಣ ಎಂದು ಕೇಳಿದ್ದೆ. ಗೋಳಗುಮ್ಮಟದ ಹಿಂದೆ ಅವರದೇ ಇನ್ನೊಂದು ಜಾಗವಿದೆ, ಬಾವಿಯಿದೆ, ಬೇವಿನ ನೆರಳಿದೆ. "ನಿಮ್ಮ ಅಣ್ಣಾವ್ರ ಕಾಲದಿಂದ ಕೂಡಿ ಬಂದೀವಿ, ಅದನ್ನ ತಗೋರಿ" ಎಂದು ಅವರು ಹೇಳಿದ್ದನ್ನೂ ಬರೆದಿದ್ದೆ. ಹೂಂ ಎಂದೋ ಬೇಡ ಎಂದೋ ಒಂದು ಕಾರ್ಡು ಹಾಕುವುದು ಬಿಟ್ಟು ನೀನು ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕ ಜರ್ಮನ್ ಪಂಡಿತನೊಬ್ಬನ ಪುಸ್ತಕವನ್ನೇ ಬಿಡಿಸಿ ಕಳಿಸಿರುವೆ. ಕಾರಖಾನೆ ಎಲ್ಲಿರಬೇಕೆಂದು ಮಾಲೀಕನ ಮನಸ್ಸು ಹೇಳಬಾರದಂತೆ. ಸಾಮಾನಿನ ತೂಕ, ದಾರಿಯ ದೂರ ಹೇಳಬೇಕಂತೆ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಇಂಗ್ಲಿಷ್ ಅಕ್ಷರ ಕಲಿತದ್ದು ಗೂಡ್ಸ್ ಡಬ್ಬಿಗಳ ಮೈ ಓದಿ. ಆದರೆ ಕೈಯಿಂದ ಮಾಡಿ ನೋಡುವ ವಿದ್ಯೆಯಾದರೆ ನನಗೆ ಪುಸ್ತಕ ಬೇಕಿಲ್ಲ. ಚಹಾದ ಪೆಟ್ಟಿಗೆಯ ಹಲಗೆಯೊಂದಕ್ಕೆ ನೀನು ಕಳಿಸಿದ ನಕಾಶೆ ಅಂಟಿಸಿದೆ. ಟಿಕೋಟ, ಬಬಲೇಶ್ವರ, ವಿಜಾಪುರ ಸ್ಟೇಶನ್, ಮೂರೂ ಕಡೆ ತೂತು ಹಾಕಿದೆ. ಮೂರು ದಾರ ತೆಗೆದುಕೊಂಡು ಒಂದೊಂದು ತುದಿ ಕೂಡಿಸಿ ಹಲಗೆಯ ಮೇಲೆ ಗಂಟು ಹಾಕಿದೆ. ಉಳಿದ ತುದಿಗಳನ್ನು ತೂತಿನಲ್ಲಿ ಇಳಿಬಿಟ್ಟು ತಕ್ಕಡಿಯ ಕಲ್ಲು ಕಟ್ಟಿದೆ. ಟಿಕೋಟದ ಹತ್ತಿಗೆ ಮೂರು ಸೇರು, ಬಬಲೇಶ್ವರದ ಹತ್ತಿಗೆ ಮೂರು ಸೇರು. ಆರು ಸೇರು ಹತ್ತಿಯಲ್ಲಿ ಕಾಳು ಹೋಗಿ ಉಳಿಯುವ ಅರಳೆ ಎರಡೇ ಸೇರು, ರೈಲು ಹತ್ತುವುದು ಅದೊಂದೇ. ಹಾಗಾಗಿ ಸ್ಟೇಶನ್ನಿನ ದಾರಕ್ಕೆ ಎರಡು ಸೇರು. ದಾರ ತೂತಿನಲ್ಲಿ ತೊಡರದಿರಲೆಂದು ಔಡಲೆಣ್ಣೆ ಹಚ್ಚಿದೆ.

ನಿನ್ನ ಅವ್ವ ಬಾಗಿಲಲ್ಲಿ ನಿಂತು ನೋಡಿದರು. "ಈ ವಯಸ್ಸಿನಾಗ ಯಾವ ಕೂಸಿಗೆ ತೊಟ್ಟಲಾ ಕಟ್ಟಾಕತ್ತೀರಿ?" ಎಂದರು.

ಗಂಟಿನಿಂದ ಕೈ ಬಿಟ್ಟೆ. ಅದು ಸರಿಯುತ್ತ ಹೋಗಿ ಟಿಕೋಟ, ಬಬಲೇಶ್ವರಗಳ ನಡುವೆ, ಡೋಣಿ ಹೊಳೆಯ ಈಚೆಗೆ ನಿಂತಿತು. ಬೆರಳಿನಿಂದ ದೂಡಿದೆ. ಮತ್ತೆ ಅಲ್ಲಿಗೇ ಬಂತು. ಅದು ಕುರಿಗಾರ ಅಮೋಘಿಯ ಮಡ್ಡಿ. ಸುತ್ತಲೂ ಕಪ್ಪು ಎರಿ ಹೊಲ, ನಡುವೆ ಏನೂ ಬೆಳೆಯದ ಆ ಕಲ್ಲು ದಿಬ್ಬ. ನೀನು ಬರೆದದ್ದೂ ಅದನ್ನೇ.

ನಿಜ ಹೇಳುತ್ತೇನೆ ಶರಣಾ, ಮೈ ಝುಂ ಎಂದಿತು. ನಮ್ಮ ಕಡೆ ಇದುವರೆಗೆ ಗಿರಣಿ ಎಲ್ಲಿ ಎದ್ದವು? ಮಾವನ ಜಾಗ ಎಲ್ಲಿತ್ತೋ ಅಲ್ಲಿ, ಜೋಯಿಸರು ಬೆರಳು ತೋರಿಸಿದಲ್ಲಿ. ಕಾಳು ಸಮೇತ ಹತ್ತಿಯನ್ನು ಅಷ್ಟು ದೂರ ಎಳೆದು ತಂದು, ಅದೇ ಕಾಳನ್ನು ಅಷ್ಟೇ ದೂರ ತಿರುಗಿ ಎಳೆಯುವ ಎತ್ತನ್ನು ಯಾರೂ ಕೇಳಿರಲಿಲ್ಲ. ಎತ್ತಿನ ಹೆಗಲಿನ ಪರವಾಗಿ ಮಾತಾಡುವ ಪುಸ್ತಕ ನಾನು ಕಂಡದ್ದು ಇದೊಂದೇ.

ಆದರೂ ಎರಡು ಸಂಶಯ. ಕಾಳು ಎಸೆಯುವ ಕಸ ಎಂದು ನಿನ್ನ ಪಂಡಿತ ತಿಳಿದಂತಿದೆ. ನಮ್ಮ ರೈತ ಹತ್ತಿ ಮಾರಿದರೂ ಕಾಳು ಮನೆಗೊಯ್ಯುತ್ತಾನೆ, ಎತ್ತಿಗೆ ಅದೇ ಮೇವು. ಇನ್ನೊಂದು, ಗಿರಣಿಯ ಹೆಣ್ಣುಮಕ್ಕಳು. ರೋಶನಬಿ, ಪರಸವ್ವ ಮತ್ತು ಅವರ ಜೊತೆಯವರು ಗೋಳಗುಮ್ಮಟದ ಓಣಿಗಳಿಂದ ನಡೆದು ಬರುವವರು. ಅವರು ಮಡ್ಡಿಗೆ ಹೇಗೆ ಬಂದಾರು?

ಗಿರಣಿ ನಮ್ಮಿಬ್ಬರದು. ನಿನ್ನ ಮಾತಿಲ್ಲದೆ ನಾನು ಒಂದು ನಟ್ಟು ಬಿಚ್ಚುವವನಲ್ಲ. ಅಣ್ಣ ಹೋದ ಮೇಲೆ ನೀನು ಒಂದೇ ಸಲ ಬಂದುಹೋದೆ. ಬಾ, ಮಡ್ಡಿಯ ಮೇಲೆ ಇಬ್ಬರೂ ನಿಂತು ನೋಡೋಣ.

ನಿನ್ನ ಕಾಕಾ
ಶಿವಯೋಗೆಪ್ಪ


ಮುಂಬಯಿ
೨೨ ಆಗಸ್ಟ್ ೧೯೪೬

ತೀರ್ಥರೂಪ ಕಾಕಾನವರಿಗೆ ಶಿವಶರಣಪ್ಪನ ನಮಸ್ಕಾರಗಳು.

ನೀವು ಹಲಗೆ ಮಾಡಿ ನೋಡಿದಿರೆಂದು ಓದಿ ನನಗೆ ಓಡಿ ಬರಬೇಕೆನಿಸಿತು. ಇಲ್ಲಿ ನನ್ನ ಜೊತೆ ಓದುವವರು ಆ ಪುಟಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ, ಒಬ್ಬನೂ ಕಲ್ಲು ಕಟ್ಟಿ ನೋಡಿಲ್ಲ.

ಕಾಳಿನ ಮಾತು ಸರಿ. ಆದರೆ ಅದು ನನ್ನ ಕಡೆಗೇ ಬರುತ್ತದೆ ಕಾಕಾ. ಕಾಳು ರೈತನ ಮನೆಗೆ ಹೋಗುವುದಾದರೆ ಆ ತೂಕವೂ ಟಿಕೋಟ, ಬಬಲೇಶ್ವರದ ದಾರಗಳಿಗೇ ಸೇರಬೇಕು. ಕಟ್ಟಿ ನೋಡಿರಿ, ಗಂಟು ಊರುಗಳ ಕಡೆಗೆ ಇನ್ನೂ ಬಿಗಿಯಾಗಿ ಕೂಡುತ್ತದೆ. ಹೆಣ್ಣುಮಕ್ಕಳ ವಿಷಯ: ಕೂಲಿ ಸರಿಯಾಗಿದ್ದರೆ ಜನ ಬರುತ್ತಾರೆಂದು ಪುಸ್ತಕ ಹೇಳುತ್ತದೆ. ಹಲವು ಗಿರಣಿಗಳು ಒಂದೆಡೆ ಇದ್ದರೆ ಮಿಸ್ತ್ರಿ, ಬಿಡಿಭಾಗ, ವ್ಯಾಪಾರಿ ಎಲ್ಲ ಹತ್ತಿರ ಸಿಗುವ ಲಾಭವೂ ಒಂದಿದೆ, ಅದು ವಿಜಾಪುರದ ಪರವಾಗಿದೆ, ಒಪ್ಪುತ್ತೇನೆ. ಆದರೆ ಅದು ಎತ್ತಿನ ದಾರಿಯಷ್ಟು ದೊಡ್ಡದಲ್ಲ.

ಎಂಜಿನ್ನಿಗೆ, ಜನಕ್ಕೆ ನೀರು ಬೇಕಲ್ಲ ಎಂದು ಕೇಳುವಿರಿ. ಅದಕ್ಕೂ ಉತ್ತರವಿದೆ. ಗಾಳಿ, ಮಣ್ಣು, ನೀರು ಇಂಥವು ಎಲ್ಲೆಡೆ ಸಿಗುವ ವಸ್ತುಗಳು. ಎಲ್ಲೆಡೆ ಸಿಗುವುದನ್ನು ಯಾರೂ ಹೊತ್ತು ತರುವುದಿಲ್ಲ, ಆದ್ದರಿಂದ ಲೆಕ್ಕದಲ್ಲಿ ಅದಕ್ಕೆ ತೂಕವಿಲ್ಲ. ಮಡ್ಡಿಯ ಬುಡದಲ್ಲಿ ಬಾವಿ ಇದೆ ಎಂದು ನೆನಪು. ಅದನ್ನೊಮ್ಮೆ ನೋಡಿಬಂದರೆ ಸಾಕು.

ಬಾ ಎಂದಿರಿ. ಪರೀಕ್ಷೆಗಳಿವೆ. ಪರೀಕ್ಷೆಗಳಷ್ಟೇ ಎಂದು ಬರೆದರೆ ನೀವು ನಂಬುವುದಿಲ್ಲವೆಂದೂ ಗೊತ್ತು. ಅಪ್ಪ ಕೂತ ಗಾದಿಯ ಎದುರು ನಿಂತು ನಾನು ಏನು ಹೇಳಿದರೂ ಅದು ಅಪ್ಪನಿಗೆ ಎದುರುಮಾತಾಗಿ ಕೇಳಿಸುತ್ತದೆ. ಮಡ್ಡಿಯ ಮೇಲೆ ಯಾರ ಗಾದಿಯೂ ಇಲ್ಲ. ಅಲ್ಲಿ ಗಿರಣಿ ಎದ್ದ ದಿನ ಬರುತ್ತೇನೆ.

ನಿಮ್ಮ
ಶಿವಶರಣಪ್ಪ


ವಿಜಾಪುರ
೧೦ ನವೆಂಬರ್ ೧೯೪೬

ಚಿರಂಜೀವಿ ಶರಣನಿಗೆ ಆಶೀರ್ವಾದ.

ದೀಪಾವಳಿಗೆ ನಿನ್ನ ತಟ್ಟೆ ಹಾಕಿ, ಮತ್ತೆ ತೆಗೆದಿಟ್ಟೆವು. ಅದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಹಬ್ಬದ ಮರುವಾರ ಮಡ್ಡಿಗೆ ಹೋಗಿಬಂದೆ. ಅಮೋಘಿ ಕಂಬಳಿ ಹಾಸಿ ಕೂಡಿಸಿದ. ಅವನ ಹೆಂಡತಿ ರಾಚವ್ವ ತಟ್ಟೆಯಲ್ಲಿ ಬೆಲ್ಲದ ಹಳಕು, ತಂಬಿಗೆ ತುಂಬ ನೀರು ತಂದಿಟ್ಟಳು. ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಮಾತು. ನಮ್ಮ ಮನೆಯ ರೀತಿಯೇ ಅಲ್ಲವೇ? ಬಿಸಿಲಲ್ಲಿ ಬಂದಿದ್ದೆ. ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದೆ. ತಂಪಾದ ನೀರು, ಎದೆ ತಣ್ಣಗಾಯಿತು.

"ಇದs ಬಾವಿ ನೀರೇನು?" ಎಂದೆ.

"ಇದs ರೀ."

"ಬ್ಯಾಸಿಗ್ಯಾಗ ಬತ್ತೂದಿಲ್ಲ?"

"ನಮ್ಮ ಅಜ್ಜನ ಕಾಲದಿಂದ ಬತ್ತಿಲ್ರಿ ಯಪ್ಪಾ. ನನ್ನ ಕುರಿ ಎಲ್ಲಾ ಇದನ್ನ ಕುಡದು ಬೆಳದಾವು."

ಬಾವಿಯ ಬಗ್ಗೆ ನೀನು ನಿಶ್ಚಿಂತನಾಗಿರು. ಮಡ್ಡಿಯ ಮೇಲೆ ಶೆಡ್ಡು ಕಟ್ಟಲೂ ಅಮೋಘಿ ಒಪ್ಪಿದ. ಕುರಿ ಮೇಯುವ ತೆಂಕಣ ಇಳಿಜಾರು ಬಿಟ್ಟುಬಿಡಬೇಕು ಎಂದ. ಬಿಟ್ಟೆ.

ಹೆಣ್ಣುಮಕ್ಕಳ ಮಾತು ಕಠಿಣವಾಯಿತು. ಗಿರಣಿಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಹಲಗೆ ತೋರಿಸಿದೆ. ಕೂಲಿ ಹೆಚ್ಚು ಮಾಡುತ್ತೇವೆಂದೂ ಹೇಳಿದೆ. ರೋಶನಬಿ ಗಂಟನ್ನು ಬೆರಳಿಂದ ಮುಟ್ಟಿ ನೋಡಿದಳು.

"ಸಾವಕಾರ್ರ, ಹತ್ತಿಗೊಂದು ದಾರಾ ಕಟ್ಟೀರಿ, ಅರಳಿಗೊಂದು ಕಟ್ಟೀರಿ. ನಮ್ಮನ್ನ ಯಾವ ದಾರಕ್ಕ ಕಟ್ಟೀರಿ?"

ಹಿಂದಿನಿಂದ ಗೌರಾಬಾಯಿ, "ಪರಸವ್ವನ್ನ ಕಟ್ಟಬ್ಯಾಡ್ರಿ, ದಾರಾ ಹರೀತೈತಿ!" ಎಂದಳು.

"ಹರೀಲಿ ಬೇ," ಎಂದಳು ಪರಸವ್ವ, "ನಿನ್ನ ಕಟ್ಟಿದ್ರ ಗಂಟು ಅಳ್ಳಾಡೂದs ಇಲ್ಲ, ಕಡ್ಡಿ ಹಂಗ ಇದ್ದೀ."

ಎಲ್ಲರೂ ನಕ್ಕರು. ಆಮೇಲೆ ರೋಶನಬಿ ನಗು ಬಿಟ್ಟು ಹೇಳಿದಳು. "ಕೂಲಿ ಮಾತಲ್ರಿ ಇದು. ಸುಗ್ಗಿ ಮುಗಿಯೂ ತನಕ ಅಲ್ಲೇ ಮಲಗಬೇಕು. ಹತ್ತಿ ಬಿಡಸಾಕ ಪರಊರಿಗೆ ಹೋದ್ರೂ ನಮ್ಮ ಕೂಡ ಒಬ್ಬಾಕಿ ಹಿರೇ ಹೆಣಮಗಳು ಇರ್ತಾಳು. ಬಾಗಿಲದಾಗ ದೀಪಾ ಹಚ್ಚಿ ಆಕಿ ಮಲಗಿದ್ರ ಒಳಗ ನಾವು ಮಲಗ್ತೀವಿ. ಅಂಥಾಕಿ ಇಲ್ದ ನಮ್ಮ ಮನ್ಯಾವ್ರು ಹೊಸ್ತಿಲಾ ದಾಟಸೂದಿಲ್ಲ."

ಪುಸ್ತಕದಲ್ಲಿ ಇದಕ್ಕೆ ಉತ್ತರ ಬರೆದಿರಲಿಕ್ಕಿಲ್ಲ. ಆಗ ಒಳಗಿನಿಂದ ನಿನ್ನ ಅವ್ವ, ನನ್ನ ವೈನಿ, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ನಾ ಹೋಗ್ತೀನಿ," ಎಂದರು. "ನನ್ನ ಮಗ ಹಾಕಿದ ಗಂಟು ಅದು. ಅದರ ಮ್ಯಾಲೆ ನಾನs ಕುಂಡ್ರತೀನಿ."

ಬೇಡ ಎಂದೆ. ಈ ಮನೆಯಲ್ಲಿ ಅವರಿಗೆ ಬೇಡ ಎಂದವರು ಯಾರು ಗೆದ್ದಿದ್ದಾರೆ? ನಿನ್ನ ಅಪ್ಪನೂ ಗೆದ್ದಿರಲಿಲ್ಲ. ಮುರ್ತುಜಾಸಾಬರಿಗೆ ಗೋಳಗುಮ್ಮಟದ ಹಿಂದಿನ ಜಾಗ ಸದ್ಯಕ್ಕೆ ಬೇಡವೆಂದು ತಿಳಿಸಿದೆ. ಸಂಕ್ರಾಂತಿಯಾದ ಮೇಲೆ ಎಂಜಿನ್ನು ಬಿಚ್ಚುತ್ತೇವೆ. ನೀನು ಗೆದ್ದೆ, ಸಂತೋಷ. ಇನ್ನಾದರೂ ಬಾ.

ನಿನ್ನ ಕಾಕಾ
ಶಿವಯೋಗೆಪ್ಪ


ಟಿಕೋಟ
೧೬ ಮಾರ್ಚ್ ೧೯೪೭

ಮಗಾ ಶರಣಾ,

ಟಿಕೋಟದ ಸಾಲಿ ಮಾಸ್ತರರ ಕೈಲೆ ಬರಸಾಕತ್ತೀನಿ. ನಾ ಅಂದದ್ದು ಅಂದಂಗ ಬರೀತೀನಿ ಅಂದಾರ. ಅದಕ್ಕ ಇದರಾಗ ತಪ್ಪಿದ್ರ ಅವರದಲ್ಲ, ನಂದು.

ಗಿರಣಿ ಚಾಲೂ ಆಗೇತಿ. ಎಂಜಿನ್ನಿನ ಸಪ್ಪಳಾ ಡೋಣಿ ಆಚಿ ದಂಡಿಗೂ ಕೇಳತೈತಿ ಅಂತ ಅಮೋಘಿ ಹೇಳ್ಯಾನ. ಅವನ ಕುರಿ ಮೊದಲ ಎರಡು ದಿನ ಬೆದರಿದ್ವು, ಈಗ ಗಿರಣಿ ನಿಂತ್ರs ಬೆದರ್ತಾವು. ಗಾಡಿ ಸಾಲು ಹಿಡದು ಬರಾಕತ್ತಾವು. ಮುಂಜಾನೆ ಬಂದಾವ ಹತ್ತಿ ಹಾಕಿ, ಕಾಳು ತುಂಬ್ಕೊಂಡು, ಹೊತ್ತು ಮುಳುಗೂದ್ರಾಗ ಊರು ಸೇರ್ತಾನ. ಬಬಲೇಶ್ವರದ ಒಬ್ಬ ಮುದುಕ ಇಳದು ಬಂದು, "ನಿಮ್ಮ ಮಗ ನನ್ನ ಎತ್ತಿನ ಆಯುಷ್ಯಾ ಹೆಚ್ಚ ಮಾಡಿದ ನೋಡವ್ವಾ" ಅಂತ ಕೈ ಮುಗದ. ನೀ ಇರಬೇಕಾಗಿತ್ತು.

ಹೆಣ್ಣಮಕ್ಕಳು ಛಲೋ ಅದಾರ. ದಿನಾ ಸಂಜೀಕ ಬಾಗಿಲದಾಗ ದೀಪಾ ಹಚ್ತೀನಿ. ರೋಶನಬಿ ತನ್ನ ಮಮ್ಮಗನ್ನೂ ಕರಕೊಂಡು ಬಂದಾಳ, ತೊಡಿಮ್ಯಾಲೆ ಕೂಸು ಕೂಡಿಸಿಕೊಳ್ಳೂದು ನನಗ ಮರತ ಹೋಗಿತ್ತು.

ನೀರಿನ ಸುದ್ದಿ ಕೇಳಿದ್ದೀಯಂತ. ಸಿಹಿ ಅದಾವು. ನೀನು ಅಂದಂಗs ಅದಾವು.

ಕಾಕಾಗ ಒಂದು ಮಾತು ಬರಿ, ಬೆಲ್ಲದ ಪೆಂಟಿ ಇನ್ನೂ ಕಳಸಲಿ. ಕೊಟ್ಟದ್ದು ತೀರೇತಿ. ನಾ ಕೇಳಿದ್ರ "ಇಷ್ಟು ಬೆಲ್ಲ ಏನ್ ಮಾಡ್ತೀರಿ ವೈನಿ" ಅಂತಾರ. ಮಂದಿ ಭಾಳ, ಬೇಕಾಗತೈತಿ.

ಗಿರಣಿ ಎದ್ದ ದಿನಾ ಬರ್ತೀನಿ ಅಂದಿದ್ದೀಯಂತ. ಎದ್ದೈತಿ.

ನಿನ್ನ ಅವ್ವ
ಗುರುಬಸವ್ವ


ವಿಜಾಪುರ
೨೦ ಏಪ್ರಿಲ್ ೧೯೪೭

ಚಿರಂಜೀವಿ ಶರಣನಿಗೆ.

ಆಶೀರ್ವಾದ ಎಂದಿನದೇ. ಕ್ಷೇಮದ ಸಾಲು ಈ ಸಲ ಕೊನೆಗೆ ಬರುತ್ತದೆ.

ಮೊದಲು ನಿನ್ನ ಪುಸ್ತಕಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಗಾಡಿಯ ವಿಷಯದಲ್ಲಿ ಅದು ನೂರಕ್ಕೆ ನೂರು ಖರೆ. ರೈತರು ವಿಜಾಪುರದ ಸಂತೆಯ ಆಸೆಗಾದರೂ ಹಳೆಯ ದಾರಿ ಬಿಡುವುದಿಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಬಿಟ್ಟರು. ನಾನು ಸೋತೆ, ಸೋತದ್ದಕ್ಕೆ ಖುಷಿಯೂ ಆಗಿತ್ತು.

ಹೋದ ವಾರ ಎಂಜಿನ್ನು ಕಾದು ಕಾದು ನಿಂತಿತು. ಇಲ್ಲಿಂದ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. ಅವನು ನೀರು ಹರಿಯುವ ಕೊಳವೆ ಬಿಚ್ಚಿ ನನ್ನ ಅಂಗೈಗೆ ಒಂದು ಚೂರು ಹಾಕಿದ. ಬೆಳ್ಳಗೆ, ಸುಣ್ಣದ ಹಕ್ಕಳೆಯಂತೆ. "ನಾಲಿಗಿಗೆ ಹಚ್ಚಿ ನೋಡ್ರಿ" ಎಂದ. ಹಚ್ಚಿದೆ. ಉಪ್ಪು.

ಬಾವಿಯ ಕಡೆ ನಡೆದೆ. ವೈನಿ ಎದುರು ಬಂದು, "ಬಿಸಿಲಾಗ ಬಂದೀರಿ, ಕುಂಡ್ರಿ ಮೊದಲ" ಎಂದು ತಟ್ಟೆ ಮುಂದಿಟ್ಟರು. ಬೆಲ್ಲ, ನೀರು. ನಾನು ತಂಬಿಗೆಯೊಂದನ್ನೇ ಎತ್ತಿದೆ.

"ಬೆಲ್ಲಾ ತಗೋರಿ," ಎಂದರು.

"ಬ್ಯಾಡ ವೈನಿ."

"ಬರೇ ನೀರು ಕುಡೀಬಾರದ್ರಿ. ತಗೋರಿ ಅಂದ್ನೆಲ್ಲ!"

ಕುಡಿದೆ. ಒಂದೇ ಗುಟುಕು. ಎರಡನೆಯದು ಇಳಿಯಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ತಟ್ಟೆಯ ಅಂಚು ಒರೆಸುತ್ತ ಕೂತರು.

ಅಮೋಘಿಯನ್ನು ಕೇಳಿದೆ. ಅವನಿಗೆ ನಾನೇಕೆ ಸಿಟ್ಟಾಗಿದ್ದೇನೆ ಎಂಬುದೇ ತಿಳಿಯಲಿಲ್ಲ. "ದೀವಳಿಗಿ ಮುಂದ ಮಳಿನೀರು ಹೊಸಾದು, ಎಲ್ಲಾ ಬಾವಿ ಹಗುರ ಇರ್ತಾವ್ರಿ ಯಪ್ಪಾ. ಬ್ಯಾಸಿಗಿ ಬಂದಂಗ ಡೋಣಿ ಉಪ್ಪು ಮ್ಯಾಲ ಬರತೈತಿ. ಅದಕ್ಕs ಬಂದಾವ್ರಿಗೆ ಬೆಲ್ಲಾ ಕೊಡ್ತೀವಿ. ನಿಮ್ಮ ಕಡಿ ಮತ್ತ್ಯಾಕ ಕೊಡ್ತಾರ್ರಿ?"

ಅವನು ಸುಳ್ಳು ಹೇಳಿರಲಿಲ್ಲ. ನೀರು ಪರೀಕ್ಷೆ ಮಾಡಲು ಹೋದವನು ಬಾಯಿ ಸಿಹಿ ಮಾಡಿಕೊಂಡು ಕುಡಿದೆ. ನಮ್ಮ ಮರ್ಯಾದೆಯೇ ನನ್ನ ನಾಲಿಗೆಯ ಮೇಲೆ ಪರದೆ ಎಳೆಯಿತು. ಆ ಪುಸ್ತಕ ಬರೆದವನ ಊರಲ್ಲಿ ನೀರು ಎಲ್ಲೆಲ್ಲೂ ಸಿಹಿಯೇ ಇದ್ದೀತು, ಅವನದು ತಪ್ಪಲ್ಲ. ನಾನು ಬಾದಶಹರ ಕಾಲದ ಬಾವಡಿಗಳ ನೀರು ಕುಡಿದು ಬೆಳೆದವನು. ಕಲ್ಲು ಕಡಿದು, ಕಾಲುವೆ ತೋಡಿ, ಅಷ್ಟು ದೂರದಿಂದ ಆ ನೀರನ್ನು ಈ ಊರಿಗೆ ಯಾಕೆ ತಂದರು ಎಂದು ಒಂದು ದಿನವಾದರೂ ಯೋಚಿಸಿದ್ದೇನೆಯೇ?

ಉಳಿದದ್ದನ್ನು ರೋಶನಬಿ ಗಾಡಿಯ ತನಕ ಬಂದು ಹೇಳಿದಳು. ಅರಳೆ ಒಯ್ಯಲು ಟಿಕೋಟದಿಂದ ಖಾಲಿ ಬರುವ ಗಾಡಿಯವರ ಕೈಕಾಲು ಹಿಡಿದು ವೈನಿ ದಿನಕ್ಕೊಂದು ಪೀಪಾಯಿ ಸಿಹಿನೀರು ತರಿಸುತ್ತಾರೆ. ಅದು ಕೂಸುಗಳಿಗೆ, ಬಾಣಂತಿಯರಿಗೆ. ಉಳಿದವರಿಗೆ ಬೆಲ್ಲ ಹಾಕಿದ ಬಾವಿ ನೀರು. ತಮಗೆ ಬೆಲ್ಲವೂ ಇಲ್ಲ. "ಮಗಗ ಗೊತ್ತಾಗಬಾರದು ಅಂತ ನಮಗ ಆಣಿ ಹಾಕ್ಯಾರ್ರಿ. ನಾನೂ ತಾಯಿ. ಅದಕ್ಕs ಆಣಿ ಮುರದೀನಿ" ಎಂದಳು.

ಹೊಟ್ಟೆ ಕೆಟ್ಟು ಕೆಲವರು ಊರಿಗೆ ತಿರುಗಿದ್ದಾರೆ. ವೈನಿಯ ಮುಖ ತುಸು ಸಣ್ಣದಾಗಿದೆ. ಮನೆಗೆ ಬನ್ನಿರಿ ಎಂದೆ. ಬರುವುದಿಲ್ಲ ಎಂದರು. ನೀನು ಬಂದು ಕರೆ.

ಕಾಕಾ


ಮುಂಬಯಿ
೪ ಮೇ ೧೯೪೭

ತೀರ್ಥರೂಪ ಕಾಕಾನವರಿಗೆ,

ಪತ್ರ ಮುಟ್ಟಿತು. ಅವ್ವನನ್ನು ಕೂಡಲೇ ವಿಜಾಪುರಕ್ಕೆ ಕರೆದುಕೊಂಡು ಹೋಗಿರಿ. ಡಾಕ್ಟರಿಗೆ ತೋರಿಸಿರಿ.

ಗಿರಣಿಯ ಬಗ್ಗೆ ಇಷ್ಟು ಹೇಳಲೇಬೇಕು. ಲೆಕ್ಕ ತಪ್ಪಿಲ್ಲ. ಲೆಕ್ಕಕ್ಕೆ ಕೊಟ್ಟ ಸಂಗತಿ ತಪ್ಪಿದೆ. ಬಾವಿಯ ಬಗ್ಗೆ ನಿಶ್ಚಿಂತನಾಗಿರು ಎಂದು ಬರೆದವರು ನೀವು. ಸಿಹಿ ಎಂದು ಬರೆಸಿದವಳು ಅವ್ವ. ಇಬ್ಬರ ಮಾತನ್ನೂ ನಂಬದೆ ನಾನು ಇನ್ನಾರನ್ನು ನಂಬಬೇಕಿತ್ತು? ನೀರಿಗೂ ಒಂದು ದಾರ ಕಟ್ಟೋಣ, ಪೀಪಾಯಿಗಳ ತೂಕ ಕೂಡಿಸಿ ಮತ್ತೆ ನೋಡೋಣ. ಸಿಹಿನೀರು ತರಿಸಿ ಸುಗ್ಗಿ ಮುಗಿಸಬಹುದು.

ಇಲ್ಲಿ ಹತ್ತಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಸೇರಿದ ತಿಂಗಳೇ ರಜೆ ಕೇಳಲಾರೆ. ಕೇಳಬಹುದು, ಆದರೆ ಯಾವ ಮುಖ ಹೊತ್ತು ಬರಲಿ?

ಶಿವಶರಣಪ್ಪ


ವಿಜಾಪುರ
೧೮ ಮೇ ೧೯೪೭

ಶರಣಾ,

ನೀನು ಬರೆದದ್ದು ನಿಜ. ನಿಶ್ಚಿಂತನಾಗಿರು ಎಂದು ಬರೆದ ಕೈ ಇದೇ. ಅದನ್ನು ಓದಿ ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನಿನ್ನ ಮೇಲೆ ಸಿಟ್ಟಿಲ್ಲ.

ನೀನು ಹೇಳಿದಂತೆ ನೀರಿಗೂ ತೂಕ ಕಟ್ಟಿದೆ. ಟಿಕೋಟದ ಬಾವಿಗಳಲ್ಲೂ ಈಗ ಊರಿನವರಿಗೇ ಸಾಲದು. ನಂಬಿಗೆಯ ನೀರು ವಿಜಾಪುರದ್ದೇ. ಹಾಗಾಗಿ ಸ್ಟೇಶನ್ನಿನ ದಾರಕ್ಕೆ ಕಲ್ಲು ಏರಿಸಿದೆ. ಅಷ್ಟು ದಿನ ಅಮೋಘಿಯ ಮಡ್ಡಿ ಬಿಟ್ಟು ಕದಲದಿದ್ದ ಗಂಟು ಸದ್ದಿಲ್ಲದೆ ಎದ್ದು ವಿಜಾಪುರದ ದಾರಿಯಲ್ಲಿರುವ ಇಟ್ಟಂಗಿಹಾಳದ ಕಡೆಗೆ ಸರಿಯಿತು. ಆಗ ನನಗೆ ಈ ಹಲಗೆಯ ಬಗ್ಗೆ ಗೌರವ ಇನ್ನೂ ಹೆಚ್ಚಾಯಿತು. ಅದು ಸುಳ್ಳು ಹೇಳುವುದಿಲ್ಲ. ನಾವು ಕಟ್ಟಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಕಟ್ಟದ್ದರ ಬಗ್ಗೆ ಬಾಯಿ ಬಿಡುವುದಿಲ್ಲ. ದೀಪ ಹಚ್ಚಿ ಬಾಗಿಲಲ್ಲಿ ಮಲಗುವ ಹಿರಿಯಳನ್ನು ಯಾವ ತೂತಿನಿಂದ ಇಳಿಬಿಡಲಿ? ಮಗನ ಮಾತು ಬೀಳಬಾರದೆಂದು ಉಪ್ಪುನೀರು ಕುಡಿಯುವವಳಿಗೆ ಎಷ್ಟು ಸೇರಿನ ಕಲ್ಲು? ಹೀಗೆಂದು ಪುಸ್ತಕ ಒಲೆಗೆ ಹಾಕು ಎನ್ನುವುದಿಲ್ಲ. ಬಳಸು. ಬಳಸುವ ಮುಂಚೆ ಒಮ್ಮೆ ಆ ಜಾಗದಲ್ಲಿ ನಿಲ್ಲು.

ಈಗ ಮಡ್ಡಿಯ ಸುದ್ದಿ. ಎಂಜಿನ್ನು ನಿಂತುಹೋಗಿದೆ. ಹೆಣ್ಣುಮಕ್ಕಳು ಹೋದರು. ರೋಶನಬಿ ಕೊನೆಯ ತನಕ ಇದ್ದಳು. ದೇಶದ ನಕಾಶೆಯ ಮೇಲೆ ಗೆರೆ ಎಳೆಯುವ ಮಾತು ಪೇಪರಿನಲ್ಲಿ ಓದಿ ಅವಳ ಮಗ ಹೆದರಿ ಬಂದು ಕರೆದೊಯ್ದ. ಹೋಗುವಾಗ ವೈನಿಯ ಕೊರಳಿಗೆ ಬಿದ್ದು ಅತ್ತಳಂತೆ. ಗಾಡಿಗಳು ಮತ್ತೆ ವಿಜಾಪುರದ ದಾರಿ ಹಿಡಿದಿವೆ.

ವೈನಿ ಮಾತ್ರ ಅಲ್ಲೇ ಇದ್ದಾರೆ. ರಾಚವ್ವ ಜೊತೆಗೆ ಮಲಗುತ್ತಾಳೆ. ಯಾರೂ ಮಲಗದ ಶೆಡ್ಡಿನ ಬಾಗಿಲಲ್ಲಿ ಈಗಲೂ ದಿನಾ ದೀಪ ಹಚ್ಚುತ್ತಾರೆ. ನಾನು ಇಲ್ಲಿಂದ ಕಳಿಸುವ ನೀರನ್ನು ಅಮೋಘಿಯ ಮನೆಗೆ ಕೊಟ್ಟುಬಿಡುತ್ತಾರೆ. ಮೊನ್ನೆ ನಾನು ಜೋರು ಮಾಡಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ:

"ನಾ ಇಳದು ಬಂದ್ರ ಊರೆಲ್ಲಾ ಅಂತೈತಿ, ಗುರುಬಸವ್ವನ ಮಗನ ಲೆಕ್ಕ ತಪ್ಪೇತಿ ಅಂತ. ಅವರ ಬಾಯಾಗ ಆ ಮಾತು ನಾ ಹಾಕೂದಿಲ್ಲ. ಅವ ತಾನs ಬಂದು, ಕುಡದು, ತನ್ನ ಬಾಯಿಲೆ ಅನ್ನಲಿ. ಅಲ್ಲೀತನ ಈ ನೀರು ಸಿಹೀನ."

ಎತ್ತಿ ಗಾಡಿಯಲ್ಲಿ ಕೂಡಿಸಬಹುದು. ಅಣ್ಣನ ಹೆಂಡತಿಯ ಮೇಲೆ ನನ್ನ ಕೈ ಏಳುವುದಿಲ್ಲ. ಮಿರಗದ ಮಳೆ ಹಿಡಿದರೆ ಎರಿ ನೆಲದ ದಾರಿ ಮುಚ್ಚುತ್ತದೆ, ಗಾಲಿ ನಡುವಿನ ಗುಂಬದ ತನಕ ಹೂತುಹೋಗುತ್ತದೆ, ಮಡ್ಡಿ ನಡುಗಡ್ಡೆಯಾಗುತ್ತದೆ. ಅದರೊಳಗೆ ಬಾ. ಮುಖದ ಮಾತು ಕೇಳಿದೆಯಲ್ಲ, ಇರುವ ಮುಖ ಹೊತ್ತುಕೊಂಡು ಬಾ. ಅವರು ನೋಡಬೇಕೆಂದದ್ದು ಅದನ್ನೇ.

ನಿನ್ನ
ಕಾಕಾ


ಅಮೋಘಿಯ ಮಡ್ಡಿ
೫ ಜೂನ್ ೧೯೪೭

ತೀರ್ಥರೂಪ ಕಾಕಾನವರಿಗೆ,

ಇದನ್ನು ಅಮೋಘಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಟಿಕೋಟದಿಂದ ಮೋಟಾರು ಹಿಡಿದು ಸಂಜೆಯೊಳಗೆ ನಿಮ್ಮಲ್ಲಿಗೆ ಬರುತ್ತಾನೆ. ನಮ್ಮ ಗಾಡಿ ಹೂಡಿಸಿ ಕಳಿಸಿರಿ. ಟಿಕೋಟದಲ್ಲಿ ಕೇಳಿ ನೋಡಿದೆ. ಮಳೆ ಮುಂದಿದೆ, ಎಲ್ಲರ ಎತ್ತುಗಳೂ ಹೊಲದಲ್ಲಿವೆ. ಪಡುವಣ ಕಡೆ ಮೋಡ ಕಟ್ಟಿದೆ.

ನಾನು ಮಧ್ಯಾಹ್ನ ಬಂದು ಮುಟ್ಟಿದೆ. ಗಿರಣಿಯನ್ನು ದೂರದಿಂದ ನೋಡಿದೆ. ನಕಾಶೆಯ ಮೇಲೆ ಪೆನ್ಸಿಲಿನಿಂದ ಇಟ್ಟ ಚುಕ್ಕೆ ಅದು. ಅಷ್ಟು ದೊಡ್ಡ ಬಯಲಿನಲ್ಲಿ ಅಷ್ಟೇ ಒಂಟಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಅವ್ವ ಬಾಗಿಲಲ್ಲಿ ಕೂತಿದ್ದಳು. ಎದ್ದು ಬರಲಿಲ್ಲ. ಸಿಟ್ಟೆಂದುಕೊಂಡೆ. ಹತ್ತಿರ ಹೋದಾಗ ಕಂಡಿತು, ಎರಡೂ ಪಾದಗಳು ಬಾತು ಎಂದೋ ತೆಗೆದ ಕಾಲುಂಗುರಗಳ ಗುರುತಷ್ಟೇ ಗೆರೆಯಾಗಿ ಉಳಿದಿದೆ. ಮುಖ ತುಸು ಸಣ್ಣದಾಗಿದೆ ಎಂದಷ್ಟೇ ಬರೆದಿದ್ದಿರಿ ಕಾಕಾ. ಯಾಕೆಂದು ನಾನು ಕೇಳುವುದಿಲ್ಲ. ಪೂರ್ತಿ ಬರೆದಿದ್ದರೆ ಹೆದರಿ ಬರುತ್ತಿದ್ದೆ. ಹೆದರಿ ಬಂದ ಮಗ ಅವಳಿಗೆ ಬೇಕಿರಲಿಲ್ಲ.

ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಕೂತಲ್ಲಿಂದಲೇ ಕೈ ಚಾಚಿ ತಟ್ಟೆ ಎಳೆದು, ಬೆಲ್ಲದ ಹಳಕು ಇಟ್ಟು, ತಂಬಿಗೆ ಮುಂದೆ ಸರಿಸಿದಳು. ಬೀಗರಿಗೆ ಇಟ್ಟಂತೆ.

ಬೆಲ್ಲ ಅಲ್ಲೇ ಬಿಟ್ಟೆ. ತಂಬಿಗೆ ಎತ್ತಿ ಕುಡಿದೆ. ನಿಲ್ಲಿಸಲಿಲ್ಲ. ಅವಳು ಇಷ್ಟು ದಿನ ಕುಡಿದದ್ದನ್ನು ನಾನು ಒಂದು ತಂಬಿಗೆಯಾದರೂ ಪೂರ್ತಿ ಕುಡಿಯಬೇಕೆನಿಸಿತು. ಕೊನೆಯ ಹನಿಯ ತನಕ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಹ್ಯಾಂಗದಾವು?" ಎಂದಳು.

"ಉಪ್ಪು ಅವ್ವಾ. ಬರೇ ಉಪ್ಪು. ನನ್ನ ಲೆಕ್ಕ ತಪ್ಪೇತಿ."

"ಹೂಂ," ಎಂದಳು. ತಟ್ಟೆಯ ಬೆಲ್ಲ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಡಿ ಹಂಗಾರ, ಮನಿಗೆ ಹೋಗೂಣು."

ಏಳಲು ನೋಡಿದಳು. ಆಗಲಿಲ್ಲ. ನನ್ನ ಭುಜ ಹಿಡಿದಳು, ಮತ್ತೂ ಆಗಲಿಲ್ಲ. ಬಾಗಿಲಲ್ಲೇ ಇಬ್ಬರೂ ಕೂತಿದ್ದೇವೆ. ಗೋಳಗುಮ್ಮಟದ ಹಿಂದಿನ ಜಾಗ ಇನ್ನೂ ಖಾಲಿ ಇದೆಯೇ ಎಂದು ಮುರ್ತುಜಾಸಾಬರನ್ನು ಕೇಳಿ ಎನ್ನುತ್ತಿದ್ದಾಳೆ. ರೋಶನಬಿಗೆ ಹೇಳಿಕಳಿಸಿ ಎನ್ನುತ್ತಿದ್ದಾಳೆ. ಅವೆಲ್ಲ ಆಮೇಲೆ.

ಗಾಡಿ ಬೇಗ ಬರಲಿ. ಅದರಲ್ಲಿ ಒಂದು ಕೊಡ ನೀರು ಇಡಲು ಮರೆಯಬೇಡಿರಿ.

ಶರಣ